ಕಸ್ತೂರೆವ್ವನ ಅರಿಷಿಣ ಕೆಂಪಾದದ್ದು

ಒಣದ್ರಾಕ್ಷಿ ಮಾಡುವ ದಿನ ಬಂತೆಂದರೆ ಮಂಗಸೂಳಿಯ ಕಸ್ತೂರೆವ್ವನಿಗೆ ಕೂರಲು ನಿಲ್ಲಲು ಪುರಸೊತ್ತಿಲ್ಲ. ಬೇಗ ಒಣಗಲೆಂದು ಗೊನೆಗಳನ್ನು ಪೊಟ್ಯಾಶ್ ಪುಡಿ, ಎಣ್ಣೆ ಕಲಸಿದ ಡ್ರಮ್ಮಿನ ನೀರಿನಲ್ಲಿ ಅದ್ದಿ ಶೆಡ್ಡಿನ ಬಲೆಯ ಮೇಲೆ ಹರವಬೇಕು. ನೆರೆಮನೆಯ ಚಮನಬಿ ಈ ಕೆಲಸಕ್ಕೆ ರಬ್ಬರ್ ಕೈಗವಸು ಹಾಕಿಕೊಂಡು ಬಂದಾಗ, "ಬಂದ್ರ ನೋಡ್ರಿ ಡಾಕ್ಟರಬಾಯಿ" ಎಂದು ಕಸ್ತೂರೆವ್ವ ಎಲ್ಲರನ್ನೂ ನಗಿಸಿದ್ದಳು. ತಾನು ಮಾತ್ರ ಬರಿಗೈಯಲ್ಲೇ ಅದ್ದಿದಳು.

ಅಂದು ಸಂಜೆ ಅಂಗೈ ಸುಲಿದು ಉರಿಯತೊಡಗಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಎಂದಿನಂತೆ ಅರಿಷಿಣ ಕಲಸಿ ಹಚ್ಚಿಕೊಂಡಳು. ನೋಡುನೋಡುತ್ತಲೇ ಅರಿಷಿಣ ಕೆಂಪಾಯಿತು. ಮುದುಕಿ ಮೊಮ್ಮಗಳನ್ನು ಕೂಗಿದಳು.

"ಯಾರದೋ ದೃಷ್ಟಿ ಬಿದ್ದೈತಿ. ನಾಳೆ ನನ್ನ ಕೈಲೆ ಆಗೂದಿಲ್ಲ. ಸೀಮಾ, ನೀ ಸಾಲಿ ಬಿಟ್ಟ ಗೊನಿ ಅದ್ದಾಕ ಬಾ."

ಮೊಮ್ಮಗಳು ಸೀಮಾ ಏಳನೆಯ ತರಗತಿ. "ಆಯಿ, ನಾಳೆ ವಿಜ್ಞಾನದ ಪಾಠ ಐತಿ."

"ಅಲ್ಲೇನ ದ್ರಾಕ್ಷಿ ಒಣಗಸೂದ ಕಲಿಸ್ತಾರೇನ?"

ಸೀಮಾ ಆಯಿಯ ಕೆಂಪು ಅಂಗೈ ನೋಡಿದಳು. ಕಾಗದದ ಚೂರಿಗೆ ಅರಿಷಿಣ ಸವರಿ ಡ್ರಮ್ಮಿನ ನೀರಿನಲ್ಲಿ ಅದ್ದಿದಳು. ಕೆಂಪಾಯಿತು. ಅದರ ಮೇಲೆ ನಿಂಬೆಹಣ್ಣು ಹಿಂಡಿದಳು. ಮತ್ತೆ ಹಳದಿ.

"ದೃಷ್ಟಿ ಅಲ್ಲ ಆಯಿ. ಈ ನೀರ ಕ್ಷಾರ. ಕ್ಷಾರ ಹತ್ತಿದ್ರ ಅರಿಷಿಣ ಕೆಂಪ ಆಗ್ತೈತಿ. ನಿನ್ನ ಕೈ ಸುಡಾಕತ್ತಿದ್ದೂ ಅದ."

"ಹಂಗಾದ್ರ ನಾನೂ ನಿಂಬಿಹಣ್ಣ ಹಚ್ಕೋತೀನಿ."

"ಬ್ಯಾಡ, ಸುಲದ ಕೈ ಇನ್ನೂ ಉರಿತೈತಿ. ಬರೇ ನೀರಿಲೆ ಚೊಲೋತ್ನಂಗ ತೊಳಿ. ಕಡಿಮಿ ಆಗ್ಲಿಲ್ಲಂದ್ರ ದವಾಖಾನಿಗಿ ಹೋಗೂನು."

ಮಾತು ಕೇಳಿ ಪಕ್ಕದ ಮನೆಯಿಂದ ಬಂದ ಚಮನಬಿ ಕೊಡ ಎತ್ತಿ ನೀರು ಹೊಯ್ದಳು. "ಸಾಲಿಗಿ ಹೋಗೂ ನಮ್ಮ ಮಗಳ ಮೆಹೆಕನೂ ಇದನ್ನ ಹೇಳಿದ್ಲ, ಅಕ್ಕಾ. ಅದಕ್ಕ ನಾ ಹ್ಯಾಂಡಗ್ಲೋಜ ತಂದಿದ್ದ. ನೀವ ನಕ್ರಿ."

ಕಸ್ತೂರೆವ್ವ ಇನ್ನೊಂದು ಕೈಯನ್ನೂ ನೀರಿಗೆ ಒಡ್ಡಿದಳು. ಸೀಮಾ ಬಿಡಲಿಲ್ಲ.

"ಸಮಾಜ ವಿಜ್ಞಾನದಾಗ ಇನ್ನೊಂದ ಕಲ್ತೀವಿ. ಆರರಿಂದ ಹದಿನಾಕ ವರ್ಷದ ತನಕ ಸಾಲಿ ಕಲಿಯೂದು ನಮ್ಮ ಹಕ್ಕ. ಬಿಡಿಸಿ ಕೆಲಸಕ್ಕ ಹಚ್ಚಬಾರ್ದು."

"ನನಗ ಕಾಯ್ದೆ ಹೇಳ್ತೀಯೇನಬೇ?" ಎಂದು ಮುದುಕಿ ಕಣ್ಣು ಕೆಕ್ಕರಿಸಿದಳು. ಆದರೆ ಆ ಕಣ್ಣು ಹೋಗಿ ನಿಂತದ್ದು ತನ್ನ ಕೈ ಹಿಡಿದು ತೊಳೆಯುತ್ತಿದ್ದ ಹುಡುಗಿಯ ಬೆರಳುಗಳ ಮೇಲೆ. ಪೆನ್ನಿನ ಶಾಯಿ ಹತ್ತಿದ ಎಳೆ ಬೆರಳು. ನಾಳೆ ಇವನ್ನೇ ಆ ಡ್ರಮ್ಮಿಗೆ ಅದ್ದಿಸಲು ಹೊರಟಿದ್ದಳು. ಅವಳಿಗೆ ನಾಚಿಕೆಯಾಯಿತು.

"ಚಮನಬಿ, ನನಗ ಇನ್ನೊಂದ ಜೋಡಿ ಹ್ಯಾಂಡಗ್ಲೋಜ ಅದಾವೇನ?"

ಮರುದಿನ ಗೊನೆ ಅದ್ದಿದ್ದು ಚಮನಬಿ. ಕೈ ವಾಸಿಯಾಗುವ ತನಕ ಕಸ್ತೂರೆವ್ವನದು ಕೂತು ಹೇಳುವ ಕೆಲಸ. ಪಾಟೀಚೀಲ ಹೆಗಲಿಗೇರಿಸಿದ ಮೊಮ್ಮಗಳಿಗೆ ಬಾಗಿಲಲ್ಲೇ ಹೇಳಿದಳು: "ಇವತ್ತ ಏನ ಕಲಿಸಿದ್ರು, ಬಂದ ನನಗ ಹೇಳ."

ಓದಿದವರೇ, ಕೇಳಿದವರೇ, ಸುಗ್ಗಿ ಎಷ್ಟೇ ಜೋರಿರಲಿ, ಮಕ್ಕಳನ್ನು ಶಾಲೆ ಬಿಡಿಸಬೇಡಿ. ಸಂಜೆ ಮನೆಗೆ ಬಂದಾಗ "ಉಂಡೆಯಾ" ಎಂದು ಕೇಳಿದ ಮೇಲೆ "ಏನು ಕಲಿತೆ" ಎಂದೂ ಕೇಳಿ. ಉತ್ತರ ನಿಮ್ಮ ಕೈಗೇ ಬೇಕಾದದ್ದಾಗಿರಬಹುದು.