ಶಿಫಾರಸು ಪತ್ರದ ನಾಲ್ಕನೇ ಸಾಲು

ಪರದೇಶದ ಆ ಆಸ್ಪತ್ರೆಯಲ್ಲಿ ನನ್ನ ನಾಲ್ಕು ವಾರ ಮುಗಿಯುತ್ತಾ ಬಂದಿತ್ತು. ಊರಲ್ಲಿ ಆರು ವರ್ಷ ಡಾಕ್ಟರಾಗಿದ್ದವನು ಇಲ್ಲಿ ಬರೀ ನೋಡುಗ. ರೋಗಿಯನ್ನು ಮುಟ್ಟುವಂತಿಲ್ಲ, ಔಷಧಿ ಬರೆಯುವಂತಿಲ್ಲ. ದೊಡ್ಡ ಡಾಕ್ಟರ ಹಿಂದೆ ಬಾಲದ ಹಾಗೆ ಸುತ್ತಬೇಕು. ಕೊನೆಗೆ ಅವರೊಂದು ಒಳ್ಳೆಯ ಶಿಫಾರಸು ಪತ್ರ ಕೊಟ್ಟರೆ ಇಲ್ಲೇ ತರಬೇತಿಯ ಸೀಟು ಸಿಕ್ಕೀತು. ಎರಡು ಸಲ ಅರ್ಜಿ ಹಾಕಿ ಮುಖಭಂಗವಾಗಿತ್ತು. ಇದೇ ಕೊನೆ ಅಂತ ಹೆಂಡತಿಗೆ ಮಾತು ಕೊಟ್ಟು ಬಂದಿದ್ದೆ.

"ಪತ್ರ ನೀವೇ ಬರ್ಕೊಂಡ್ಬನ್ನಿ, ನಾನು ಸಹಿ ಹಾಕ್ತೀನಿ. ನನಗೆಲ್ಲಿ ಪುರುಸೊತ್ತು?" ಎಂದರು ದೊಡ್ಡ ಡಾಕ್ಟರು.

ಇಲ್ಲಿ ಅದು ಮಾಮೂಲಂತೆ. ಹೊತ್ತಿಗೆ ಸರಿಯಾಗಿ ಬರುತ್ತಾರೆ, ವಿನಯವಂತರು, ಶ್ರಮಜೀವಿ ಎಂದು ಮೂರು ಸಾಲು ಬರೆದೆ. ಬಾಗಿಲು ಕಾಯುವವನಿಗೂ ಸಲ್ಲುವ ಹೊಗಳಿಕೆ! ಆಮೇಲೆ ನಾಲ್ಕನೆಯದನ್ನು ಬರೆದೆ: ಏಳನೇ ಹಾಸಿಗೆಯ ರೋಗಿಯ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಎಲ್ಲರಿಗಿಂತ ಮೊದಲು ಗುರುತಿಸಿದವರು ಇವರೇ.

ಗುರುತಿಸಿದ್ದು ವಾರ್ಡಿನ ನರ್ಸು. ಆ ಮುದುಕನಿಗೆ ಕಾಲುಚೀಲ ಹಾಕುವಾಗ ಒಂದು ಕಾಲು ಮಾತ್ರ ಊದಿ ಬಿಗಿಯಾಗಿದೆ, ರಕ್ತ ಹೆಪ್ಪುಗಟ್ಟಿರಬಹುದು ಎಂದು ಪಕ್ಕದಲ್ಲಿದ್ದ ನನಗೆ ಹೇಳಿದ್ದರು. ನಾನು ಓಡಿಹೋಗಿ ದೊಡ್ಡ ಡಾಕ್ಟರಿಗೆ ಒಪ್ಪಿಸಿದೆ. ಅವರು "ಭೇಷ್" ಅಂದಾಗ ಬಾಯಿಗೆ ಬೀಗ ಹಾಕಿಕೊಂಡೆ.

ಮರುದಿನ ದೊಡ್ಡ ಡಾಕ್ಟರು ವಾರ್ಡಿನಲ್ಲೇ ನಿಂತು ಪತ್ರವನ್ನು ಜೋರಾಗಿ ಓದಿದರು. ಔಷಧಿಯ ಗಾಡಿ ತಳ್ಳುತ್ತಿದ್ದ ಅದೇ ನರ್ಸನ್ನು ಕರೆದು, "ಅವತ್ತು ನೀವೂ ಇದ್ರಲ್ಲ ಸಿಸ್ಟರ್, ಇವರೇ ತಾನೆ ಕಂಡುಹಿಡಿದಿದ್ದು?" ಎಂದರು.

ನರ್ಸು ನನ್ನ ಮುಖವನ್ನೊಮ್ಮೆ ನೋಡಿದರು.

"ಹೌದು ಸರ್, ಇವರೇ."

ಸಹಿ ಬಿತ್ತು. ನಾನು ಕಾರಿಡಾರಿನಲ್ಲಿ ನರ್ಸಿನ ಹಿಂದೆ ಓಡಿದೆ. "ಸಿಸ್ಟರ್, ಅದು..."

"ಬಿಡಿ. ನಮ್ಮ ಯಜಮಾನ್ರೂ ಹೊರಗಿಂದ ಬಂದ ಡಾಕ್ಟರೇ. ಪತ್ರ ಸಿಗದೆ ಈಗ ಔಷಧಿ ಅಂಗಡೀಲಿ ನಿಲ್ತಾರೆ" ಎಂದು ಗಾಡಿ ತಳ್ಳಿಕೊಂಡು ಹೋದರು. ಮುಖಕ್ಕೆ ಉಗಿದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ವಾಪಸ್ಸು ಹೋಗಿ ಪತ್ರ ಹರಿಯಬಹುದಿತ್ತು. ಹರಿಯಲಿಲ್ಲ.

ಸಂಜೆ ಹೆಂಡತಿಗೆ ಫೋನ್ ಮಾಡಿದೆ. ಪತ್ರ ಪೂರ್ತಿ ಓದಿ ಹೇಳಿ ಎಂದು ಹಟ ಹಿಡಿದಳು. ಓದಿದೆ.

"ನಿಮ್ಮ ಕೈಗುಣಾನೇ ಹಾಗೆ ಕಣ್ರೀ! ಅತ್ತೆ, ಬನ್ನಿ ಇಲ್ಲಿ, ಯಾರದ್ದೋ ಜೀವ ಉಳಿಸಿದ್ರಂತೆ ನಿಮ್ಮ ಮಗ."

ಅಮ್ಮ ಫೋನ್ ಇಸಿದುಕೊಂಡಳು. "ನಿಜವೇನೋ?"

ಪತ್ರವನ್ನು ಮಡಚಿ ಜೇಬಿಗಿಟ್ಟೆ.

"ಹ್ಞೂಂ ಅಮ್ಮ, ನಿಜ" ಎಂದೆ.