ನೀಲಿಯಾಗಿಯೇ ಉಳಿದ ಸ್ಲೈಡ್

ಹದಿನಾರು ವರ್ಷಗಳಿಂದ ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಮೆದುಳು, ಬೆನ್ನುಹುರಿಯ ಗೆಡ್ಡೆಗಳ ಚೂರುಗಳಿಗೆ ಬಣ್ಣ ಹಾಕುತ್ತಿದ್ದಳು. ಅದರಲ್ಲಿ ಒಂದು ಪರೀಕ್ಷೆಯಂತೂ ಅವಳಿಗೆ ಕರತಲಾಮಲಕ. ಗಾಜಿನ ಸ್ಲೈಡಿನ ಮೇಲಿನ ಚೂರು ಕಂದು ಬಣ್ಣಕ್ಕೆ ತಿರುಗಿದರೆ ಗೆಡ್ಡೆ ಸಾಮಾನ್ಯವಾಗಿ ನಿಧಾನದ್ದು, ರೋಗಿಗೆ ವರ್ಷಗಳಿವೆ. ನೀಲಿಯಾಗಿಯೇ ಉಳಿದರೆ ಹೆಚ್ಚಾಗಿ ತಿಂಗಳುಗಳ ಮಾತು.

ಗಂಡ ಬಸ್ ಡ್ರೈವರ್. ಸ್ಟೀರಿಂಗ್ ಹಿಡಿದಿದ್ದ ಎಡಗೈ ಒಂದು ದಿನ ಮರಗಟ್ಟಿತು. ತಲೆಯಲ್ಲಿ ಗೆಡ್ಡೆಯೆಂದು ಆಪರೇಷನ್ ಆಯಿತು. ಮನೆಯವರ ಚೂರನ್ನು ತಾವೇ ಮುಟ್ಟಬಾರದೆಂಬುದು ಲ್ಯಾಬಿನ ನಿಯಮ. ಪಕ್ಕದ ಮೇಜಿನ ಹಿರಿಯಳು, ಇವಳು ಅಕ್ಕ ಎಂದೇ ಕರೆಯುತ್ತಿದ್ದವಳು, ಆ ಪರೀಕ್ಷೆ ಮಾಡಿದಳು.

“ಕಂದು ಬಂದಿದೆ ಕಣೇ. ಹೋಗಿ ನೆಮ್ಮದಿಯಾಗಿ ಮಲ್ಕೋ,” ಎಂದಳು.

ಇವಳು ನಂಬಿದಳು. ಗಂಡ ಫೈಲನ್ನು ತನ್ನ ಬಳಿಯೇ ಇಟ್ಟುಕೊಂಡು ಡಾಕ್ಟರ ಹತ್ತಿರ ಒಬ್ಬನೇ ಹೋಗುತ್ತಿದ್ದುದೂ ವಿಚಿತ್ರವೆನಿಸಲಿಲ್ಲ. ಎರಡು ವರ್ಷದ ಡಿಪ್ಲೊಮಾಕ್ಕೆ ಸೇರಿ ಸಂಜೆಗಳನ್ನೆಲ್ಲ ತರಗತಿಗೆ ಕೊಟ್ಟಳು. “ಓದು, ನೀನು ದೊಡ್ಡ ಆಫೀಸರ್ ಆದ್ಮೇಲೆ ನಾನೇ ನಿನ್ನ ಡ್ರೈವರ್ರು,” ಎಂದು ಅವನು ನಗಿಸುತ್ತಿದ್ದ.

ಒಂಬತ್ತನೇ ತಿಂಗಳಲ್ಲಿ ಗೆಡ್ಡೆ ಮತ್ತೆ ಬೆಳೆಯಿತು. ಇಷ್ಟು ಬೇಗ ಹೇಗೆಂದು ತಿಳಿಯದೆ, ಅಕ್ಕ ಊಟಕ್ಕೆ ಹೋಗಿದ್ದಾಗ ಕಪಾಟಿನಿಂದ ಗಂಡನ ಹಳೆಯ ಸ್ಲೈಡ್ ತೆಗೆದು ನೋಡಿದಳು. ಅಂಚಿನಿಂದ ಅಂಚಿಗೂ ನೀಲಿ. ನಂಬರನ್ನು ಮೂರು ಸಲ ಓದಿದಳು.

ಹಿಂದಿರುಗಿದ ಅಕ್ಕ ಬಾಗಿಲಲ್ಲೇ ನಿಂತಳು. “ನಿನ್ ಯಜಮಾನ್ರೇ ಕೈ ಹಿಡ್ಕೊಂಡು ಬೇಡ್ಕೊಂಡ್ರು, ನಿಂಗೆ ಹೇಳ್ಬೇಡಿ ಅಂತ.”

“ದಿನಾ ಪಕ್ಕದಲ್ಲೇ ಕೂತಿದ್ರಲ್ಲ. ಒಂದಿನಾನೂ ಬಾಯಿ ಬರ್ಲಿಲ್ವಾ?”

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಗಂಡನೆದುರು ನಿಂತಳು. ಅವನಿಗೆ ಮುಖ ನೋಡಿಯೇ ಗೊತ್ತಾಯಿತು.

“ನಿಂಗೆ ಗೊತ್ತಾಗಿದ್ರೆ ನನ್ನನ್ನೂ ಸ್ಲೈಡ್ ನೋಡೋ ಹಾಗೆ ನೋಡ್ತಿದ್ದೆ. ನಂಗೆ ಹೆಂಡ್ತಿ ಬೇಕಿತ್ತು.”

“ಹೆಂಡ್ತಿ ಎಲ್ಲಿ ಸಿಕ್ಕಿದ್ಲು? ಅವಳು ಸಂಜೆಯೆಲ್ಲ ಕ್ಲಾಸಲ್ಲಿದ್ಲು. ಆ ಸಂಜೆಗಳನ್ನ ಯಾರು ವಾಪಸ್ ಕೊಡ್ತಾರೆ?”



ಮರುದಿನವೇ ತರಗತಿ ಬಿಟ್ಟು ಲ್ಯಾಬಿಗೆ ರಜೆ ಹಾಕಿದಳು. ನಾಲ್ಕು ತಿಂಗಳು ಅವನನ್ನು ಮಗ್ಗುಲು ಬದಲಿಸಿ ಮಲಗಿಸಿದಳು, ತುತ್ತಿಟ್ಟಳು, ಗಡ್ಡ ಹೆರೆದಳು. ಕೊನೆಯ ವಾರ ಅವನು ತೊದಲುತ್ತ ಕೇಳಿದ: “ಇನ್ನೂ ಕೋಪನಾ?”

“ಹೂಂ.”

“ಮತ್ಯಾಕೆ ಇಷ್ಟೆಲ್ಲ?”

“ಕೋಪ ಅಂತ ಗಡ್ಡ ಹಾಗೇ ಬಿಡಕ್ಕಾಗತ್ತಾ? ಅಲ್ಲಾಡ್ಬೇಡಿ.”

ಅವನು ಹೋದ ಮೇಲೆ ಕೆಲಸಕ್ಕೆ ಮರಳಿದವಳು ಅಕ್ಕನ ಪಕ್ಕದ್ದು ಬಿಟ್ಟು ಬೇರೆ ಮೇಜು ಬೇಕೆಂದು ಅರ್ಜಿ ಕೊಟ್ಟಳು. ಮೇಲಧಿಕಾರಿ ಕಾರಣ ಕೇಳಿದಾಗ, ಅಲ್ಲಿ ಬೆಳಕು ಸಾಲದು ಎಂದಳು.