ಟವೆಲ್ಲಿನ ಮರೆ

ತೊಡೆ ತಣ್ಣಗಾಯಿತು, ಜಾಡಿ ಸೋರುತ್ತಿದೆಯೋ ಏನೋ, ಇಲ್ಲ, ಟವೆಲ್ಲೇ ಒದ್ದೆ, ಹುಳುಗಳಿಗೆ ಸೆಕೆಯಾಗಬಾರದೆಂದು ಹೆಂಡತಿ ನೆನೆಸಿ ಸುತ್ತಿದ್ದು, ಈಗ ಕರೆದರೆ ಈ ಪ್ಯಾಂಟಿನಲ್ಲೇ ಎದ್ದು ಒಳಗೆ ಹೋಗಬೇಕು, ಪ್ರೊಫೆಸರ್ ಹುದ್ದೆಗೆ ಮೂರನೆಯ ಸಂದರ್ಶನ, ಬರುವ ವರ್ಷ ನಿವೃತ್ತಿ, ಇದು ತಪ್ಪಿದರೆ ಮುಗಿಯಿತು — ಮುಚ್ಚಿದ ಬಾಗಿಲಾಚೆ ಯಾರೋ ನಕ್ಕರು, ನಗಲಿ, ಹುಳುಮೇಷ್ಟ್ರು ಎಂದು ಕರೆದು ನಕ್ಕವರೆಷ್ಟು ಮಂದಿ, ಜಾಡಿಯನ್ನು ಮೇಜಿನ ಮೇಲಿಟ್ಟು ಹೇಳಿಬಿಡುವುದು, ನೋಡಿ, ಎರಡು ಬಸವನಹುಳು, ಒಂದರ ಚಿಪ್ಪು ಬಲಕ್ಕೆ ಸುತ್ತಿದೆ, ಇನ್ನೊಂದರದು ಎಡಕ್ಕೆ, ಹಾಗಾಗಿ ಮೈಗೆ ಮೈ ಹೊಂದದು, ಇವು ಕೂಡುವುದಿಲ್ಲ, ಎಡಸುರುಳಿಯದು ಬೇರೆ ಪ್ರಭೇದವಾಗಿಯೇ ಕವಲೊಡೆದಿದೆ, ಇಪ್ಪತ್ತೆರಡು ವರ್ಷ, ಹುಳುಗಳ ತಲೆಮಾರಿನ ಮೇಲೆ ತಲೆಮಾರು, ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೇನೆ — ಹನ್ನೊಂದು ನೋಟ್‌ಬುಕ್ಕು, ದಿನಾ ರಾತ್ರಿ ದೀಪ ಹಾಕುವುದು, ಕನ್ನಡಕ ಏರಿಸುವುದು, ಕೊಂಬು ಸರಕ್ಕನೆ ಒಳಕ್ಕೆ, ಬರೆದುಕೊಳ್ಳುವುದು: ಪರಸ್ಪರ ತಿರಸ್ಕಾರ — ಆಗೆಲ್ಲ ಅಡುಗೆಮನೆಯಿಂದ ಹೆಂಡತಿ, ಅಲ್ಲಾ ರೀ, ಮುಖದ ಮೇಲೆ ಲೈಟ್ ಬಿಟ್ಕೊಂಡು, ಪೆನ್ನು ಹಿಡ್ಕೊಂಡು ಎದುರಿಗೇ ಕೂತ್ರೆ ಯಾವ ಮಾನವಂತ ಹುಳು ತಾನೇ ಮುಂದುವರಿಯುತ್ತೆ, ಮದುವೆಯಾದ ಹೊಸದ್ರಲ್ಲಿ ನಿಮ್ಮ ಸೋದರತ್ತೆ ಹಾಲ್‌ನಲ್ಲಿ ಕೂತು ಕೆಮ್ಮಿದ್ದಕ್ಕೇ ನೀವು ಮೂರು ತಿಂಗಳು ಪೇಪರ್ ಓದ್ಕೊಂಡು ಕೂತಿರ್ಲಿಲ್ವಾ — ಸುಮ್ನಿರೇ, ಇದು ವಿಜ್ಞಾನ — ಆಯ್ತಪ್ಪಾ, ವಿಜ್ಞಾನ — ಇವತ್ತು ಬೆಳಿಗ್ಗೆಯೂ ಅವಳದೇ ಕೆಲಸ, ಎರಡೆರಡು ಜಾಡಿ ಯಾಕೆ ಹೊರ್ತೀರಿ, ಒಂದ್ರಲ್ಲೇ ಹಾಕಿದೀನಿ, ಹೇಗೂ ಮಾತು ಬಿಟ್ಟಿದಾವಲ್ಲ — ಆಮೇಲೆ ಬಸ್ಸಿನಲ್ಲಿ ಮೂರು ಗಂಟೆ, ತಂಪು, ಕತ್ತಲೆ, ಟವೆಲ್ಲು, ನೋಡುವವರು ಯಾರೂ ಇಲ್ಲ — ಯಾರೂ ಇಲ್ಲ — ಬೆರಳು ತಾನಾಗಿಯೇ ಟವೆಲ್ಲಿನ ಅಂಚನ್ನೆತ್ತಿತು, ಮುಚ್ಚಳದಡಿ, ತಲೆಕೆಳಗಾಗಿ, ಹನ್ನೊಂದು ನೋಟ್‌ಬುಕ್ಕುಗಳಲ್ಲಿ ಒಮ್ಮೆಯೂ ಊಹಿಸದ ಭಂಗಿಯಲ್ಲಿ, ಎಡದ್ದು ಬಲದ್ದು ಎರಡೂ ಹೆಣೆದುಕೊಂಡು, ಅಯ್ಯೋ, ಇಷ್ಟು ವರ್ಷ ಬಿಟ್ಟು ಇವತ್ತೇನ್ರೋ — ಕಿಟಕಿಯ ಬೆಳಕು ಬಿದ್ದದ್ದೇ ತಡ ಎಡದ್ದರ ಕೊಂಬು ಸರಕ್ಕನೆ ಒಳಕ್ಕೆ, ಪಕ್ಕದಲ್ಲೇ ಸಂಗಾತಿ, ಅದರ ಕಡೆಗಲ್ಲ ಆ ತಿರಸ್ಕಾರ, ಮೇಷ್ಟ್ರ ಕಡೆಗೆ, ಇವರ ಕನ್ನಡಕದ ಕಡೆಗೆ, ಎಂದಿನಿಂದಲೂ ಇವರ ಕಡೆಗೇ — ಬಾಗಿಲು ತೆರೆಯಿತು, ಜವಾನ, ಸಾರ್, ಕರೀತಿದಾರೆ, ಜಾಡಿ ತೆಗೆದು ತೋರಿಸ್ಬೇಕಂತೆ — ಒಂದು ನಿಮಿಷ ತಾಳಪ್ಪಾ, ಅವರಿನ್ನೂ — ಯಾರು ಸಾರ್ — ಮೇಷ್ಟ್ರು ಟವೆಲ್ಲನ್ನು ಮೆಲ್ಲಗೆ ಇಳಿಬಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತರು, ಹುದ್ದೆ, ನಿವೃತ್ತಿ, ಒದ್ದೆ ಪ್ಯಾಂಟು, ಒಳಗೆ ಹೋಗಿ ಹೇಳಬೇಕಾದದ್ದು, ಯಾವುದೂ ಮುಂದಕ್ಕೆ ಓಡಲಿಲ್ಲ, ಕಣ್ಣ ಮುಂದೆ ಆ ಕೊಂಬು, ನಾಚಿ ಸರಕ್ಕನೆ ಒಳಕ್ಕೆ, ಕೊಂಬು, ಒಳಕ್ಕೆ